ಕಾರಿನ ಪಕ್ಕದ ಖಾಲಿ ಪಟ್ಟೆ ಯಾರಿಗೆ?

ಕೆಲವು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಒಂದು ಕಟ್ಟಡದ ಪ್ಲಾನ್ ಮಾಡಿದ್ದೆ. ಕೆಳಗೆ ಅಂಗಡಿಗಳು, ಮೇಲೆ ಒಂದೆರಡು ಕ್ಲಿನಿಕ್ಕು, ಆಫೀಸು. ಪಾರ್ಕಿಂಗ್ ನಕ್ಷೆಯಲ್ಲಿ ಒಂದು ಚೌಕ ಬಿಡಿಸಿ ಅದರೊಳಗೆ ವೀಲ್‌ಚೇರ್ ಚಿತ್ರ ಹಾಕಿದೆ. ಅಷ್ಟಿದ್ದರೆ ಪ್ಲಾನ್ ಪಾಸಾಗುತ್ತದೆ ಎಂದು ಗೊತ್ತಿತ್ತು. ಎಲ್ಲಿ ಹಾಕಿದೆ? ಜನರೇಟರ್ ಪಕ್ಕದ ಮೂಲೆಯಲ್ಲಿ. ಬೇರೆ ಕಾರು ಸರಿಯಾಗಿ ಹಿಡಿಸದೆ ಉಳಿದು ಹೋಗಿದ್ದ ಜಾಗ ಅದು.

ಕಟ್ಟಡ ಮುಗಿದ ಮೇಲೆ ಕಾಲೇಜು ದಿನಗಳ ಗೆಳೆಯನೊಬ್ಬ ಅಲ್ಲಿಗೆ ಬಂದ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ಒತ್ತುವ ಹಾಗೆ ಬದಲಾಯಿಸಿದ ಕಾರು ಓಡಿಸುತ್ತಾನೆ. ಚಿತ್ರ ನೋಡಿ ಅದೇ ಚೌಕದೊಳಗೆ ಕಾರು ತಂದು ನಿಲ್ಲಿಸಿದ. ಬಾಗಿಲು ತೆರೆದ. ಅರ್ಧ ತೆರೆಯುವಾಗಲೇ ಗೋಡೆಗೆ ತಾಗಿತು.

"ಎಂತ ಮಾರಾಯ, ಈ ಗೆರೆ ಎಳೆದದ್ದು ಕಾರಿಗಾ, ನನಗಾ?" ಎಂದು ಫೋನಿನಲ್ಲಿ ಕೇಳಿದ. ಪ್ಲಾನ್ ನನ್ನದೇ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಿದ್ದು ಎರಡು ದಿನ ಬಿಟ್ಟು.

ಅವನ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಅಂಗವಿಕಲರ ಪಾರ್ಕಿಂಗ್ ಎಂದರೆ ಬಾಗಿಲ ಹತ್ತಿರದ ಒಂದು ಕಾರಿನ ಜಾಗ ಎಂದು ನಾವು ತಿಳಿದುಕೊಂಡಿದ್ದೇವೆ. ಅವರ ಕಾರೂ ನಮ್ಮ ಕಾರಿನಷ್ಟೇ ಅಗಲ. ಅದು ಎಲ್ಲಿ ಬೇಕಾದರೂ ಹಿಡಿಸುತ್ತದೆ. ಹಿಡಿಸದೇ ಇರುವುದು ಮನುಷ್ಯ ಇಳಿಯುವ ಕೆಲಸ. ಹಾಗಾಗಿ ಡಿಸೈನ್ ಮಾಡಬೇಕಾದದ್ದು ಕಾರಿನ ಪಕ್ಕದ ಖಾಲಿ ಜಾಗವನ್ನು, ಮತ್ತು ಅಲ್ಲಿಂದ ಲಿಫ್ಟಿನ ಬಾಗಿಲವರೆಗಿನ ದಾರಿಯನ್ನು.

ಇಳಿಯುವುದು ಎಂದರೆ ಏನು

ಅವನು ಇಳಿಯುವುದನ್ನು ಆಮೇಲೆ ಒಂದು ದಿನ ಟೇಪ್ ಹಿಡಿದುಕೊಂಡೇ ನೋಡಿದೆ. ಮೊದಲು ಬಾಗಿಲು ಪೂರ್ತಿ ತೆರೆಯಬೇಕು. ನಮಗೆಲ್ಲ ಕಾಲು ಹೊರಗೆ ಹಾಕುವಷ್ಟು ಸಂದಿ ಸಿಕ್ಕರೆ ಸಾಕು, ಹೊಟ್ಟೆ ಒಳಗೆಳೆದುಕೊಂಡು ಜಾರಿಕೊಳ್ಳುತ್ತೇವೆ. ಅವನಿಗೆ ಅದಾಗುವುದಿಲ್ಲ. ಪಕ್ಕದ ಸೀಟಿನಲ್ಲಿ ಮಡಚಿಟ್ಟ ವೀಲ್‌ಚೇರ್‌ನ ಚೌಕಟ್ಟನ್ನು ತನ್ನ ಮಡಿಲ ಮೇಲಿಂದ ದಾಟಿಸಿ ಹೊರಗಿಡುತ್ತಾನೆ. ಆಮೇಲೆ ಎರಡು ಚಕ್ರ, ಒಂದೊಂದಾಗಿ. ಕುಳಿತಲ್ಲಿಂದಲೇ ಜೋಡಿಸುತ್ತಾನೆ. ಕುರ್ಚಿಯನ್ನು ಸೀಟಿಗೆ ತಾಗಿಸಿ, ಬ್ರೇಕ್ ಹಾಕಿ, ಎರಡೂ ಕೈ ಊರಿ ಮೈಯನ್ನು ಎತ್ತಿ ದಾಟಿಸುತ್ತಾನೆ. ಕಾಲುಗಳನ್ನು ಕೈಯಿಂದ ಎತ್ತಿ ಪಾದದ ಹಲಗೆಯ ಮೇಲಿಡುತ್ತಾನೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಕಾರಿನ ಬಾಗಿಲು ಹಾಕಬೇಕಲ್ವಾ? ಅವನು ಈಗ ಕೂತಿರುವುದು ಬಾಗಿಲು ಮತ್ತು ಸೀಟಿನ ನಡುವಿನ ಮೂಲೆಯಲ್ಲಿ. ಹಿಂದೆ ಸರಿಯದೆ ಬಾಗಿಲು ಮುಚ್ಚುವುದಿಲ್ಲ.

ಸಾಮಾನ್ಯ ವೀಲ್‌ಚೇರ್ 65ರಿಂದ 70 ಸೆಂಟಿಮೀಟರ್ ಅಗಲ. ಚಕ್ರ ತಿರುಗಿಸುವ ಕೈಗೆ, ಮೊಣಕೈಗೆ ಜಾಗ ಸೇರಿಸಿದರೆ ನೇರವಾಗಿ ಹೋಗಲು 90 ಸೆಂಟಿಮೀಟರ್ ಬೇಕು. ಬಾಗಿಲು ತೆರೆದಿಟ್ಟು ಪಕ್ಕದಲ್ಲಿ ಓಡಾಡಬೇಕೆಂದರೆ ಅದೂ ಸಾಲುವುದಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 3.6 ಮೀಟರ್ ಅಗಲ ಇರಬೇಕು ಎಂದು ಹೇಳುವುದು ಈ ಕಾರಣಕ್ಕೆ. ಕಾರಿಗೆ 2.4 ಮೀಟರ್, ಇಳಿಯಲು 1.2 ಮೀಟರ್ ಎಂದು ಅದನ್ನು ಓದಿಕೊಳ್ಳಬೇಕು. ಅಮೆರಿಕದ ನಿಯಮದಲ್ಲಿ ಈ ಇಳಿಯುವ ಪಟ್ಟೆ 60 ಇಂಚು, ಅಂದರೆ ಒಂದೂವರೆ ಮೀಟರ್‌ಗಿಂತ ಚೂರು ಜಾಸ್ತಿ. ಪಕ್ಕದಿಂದ ರ‍್ಯಾಂಪ್ ಬಿಚ್ಚಿಕೊಳ್ಳುವ ವ್ಯಾನ್‌ಗಳಿಗೆ ಇನ್ನೂ ದೊಡ್ಡ ಜಾಗ ಕೇಳುತ್ತಾರೆ.

"ಒಂದು ಕಾರಿಗೆ 3.6 ಮೀಟರಾ?" ಎಂದು ಕಟ್ಟಡದ ಮಾಲೀಕರು ಕೇಳುತ್ತಾರೆ. ಕೇಳಲಿ, ಮಂಗಳೂರಿನಲ್ಲಿ ಸೆಂಟ್ಸ್ ಲೆಕ್ಕದಲ್ಲಿ ಜಾಗ ಕೊಂಡವರು ಅವರು. ಅವರಿಗೆ ಈ ಲೆಕ್ಕ ತೋರಿಸುತ್ತೇನೆ. ಮಾಮೂಲಿ ಕಾರಿನ ಜಾಗ ಎರಡೂವರೆ ಮೀಟರ್ ಅಗಲ ಎಂದುಕೊಳ್ಳಿ. ಮೂರು ಜಾಗ ಸೇರಿಸಿದರೆ 7.5 ಮೀಟರ್. ಅದರಲ್ಲಿ ಎರಡು ಕಾರು ನಿಲ್ಲಿಸಿ, ಇಬ್ಬರಿಗೂ ನಡುವೆ ಒಂದೇ ಪಟ್ಟೆ ಬಿಡಿ. 2.4, 1.2, 2.4. ಒಟ್ಟು 6 ಮೀಟರ್. ಇನ್ನೂ ಒಂದೂವರೆ ಮೀಟರ್ ಉಳಿಯಿತು. ಅದನ್ನು ಸದ್ಯಕ್ಕೆ ಹಾಗೇ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಒಂದೇ ಪಟ್ಟೆ ಇಬ್ಬರಿಗೆ ಹೇಗೆ ಸಾಕಾಗುತ್ತದೆ? ನಮ್ಮಲ್ಲಿ ಓಡಿಸುವವರು ಕೂರುವುದು ಬಲಗಡೆ. ಇಬ್ಬರೂ ಮೂತಿ ಮುಂದೆ ಮಾಡಿ ನಿಲ್ಲಿಸಿದರೆ ಎಡಗಡೆಯ ಕಾರಿನ ಚಾಲಕನಿಗೆ ಪಟ್ಟೆ ಸಿಗುತ್ತದೆ, ಬಲಗಡೆಯವನಿಗೆ ಸಿಗುವುದಿಲ್ಲ. ಅವನು ರಿವರ್ಸ್‌ನಲ್ಲಿ ಬಂದರೆ ಕಾರು ತಿರುಗಿ ಅವನ ಬಾಗಿಲೂ ಪಟ್ಟೆಯ ಕಡೆಗೇ ಬರುತ್ತದೆ. ಕಾರುಗಳು ಸಾಲಾಗಿ ನೇರ ನಿಲ್ಲುವ ಕಡೆ ಇದು ಸಲೀಸು. ಓರೆಯಾಗಿ ಗೆರೆ ಎಳೆದ ಪಾರ್ಕಿಂಗ್‌ನಲ್ಲಿ ರಿವರ್ಸ್ ಬರಲು ಆಗುವುದಿಲ್ಲ. ಅಲ್ಲಿ ಪಟ್ಟೆ ಚಾಲಕನ ಕಡೆಗೇ ಇರಬೇಕು. ವಿದೇಶದ ನಕ್ಷೆಯನ್ನು ಹಾಗೇ ನಕಲು ಮಾಡಿದರೆ ಇಲ್ಲೇ ತಪ್ಪುವುದು. ಅಮೆರಿಕದಲ್ಲಿ ಚಾಲಕ ಕೂರುವುದು ಎಡಗಡೆ.

ಇದಕ್ಕಿಂತ ಕಷ್ಟದ್ದು ರಸ್ತೆ ಬದಿಯ ಪಾರ್ಕಿಂಗ್. ಕಾರು ಎಡಬದಿಗೆ ನಿಲ್ಲುತ್ತದೆ, ಚಾಲಕ ಬಲಗಡೆಗೆ, ಅಂದರೆ ಬಸ್ಸುಗಳು ಬರುವ ಕಡೆಗೇ ಇಳಿಯಬೇಕು. ನಮ್ಮ ಊರಿನ ಸಿಟಿ ಬಸ್ಸುಗಳು ಹೇಗೆ ಬರುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಎರಡು ಮೂರು ನಿಮಿಷ ಆ ಜಾಗದಲ್ಲಿ ಕೂತು ಚಕ್ರ ಜೋಡಿಸುವುದನ್ನು ಸುಮ್ನೆ ಊಹಿಸಿಕೊಳ್ಳಿ. ರಸ್ತೆ ಬದಿಯಲ್ಲಿ ಕೊಡುವುದಾದರೆ ಆ ಜಾಗವನ್ನು ಫುಟ್‌ಪಾತ್ ಕಡೆಗೆ ಒಳಗೆ ಸರಿಸಿ ಕಾರಿನ ಬಲಗಡೆಗೆ ಪಟ್ಟೆ ಉಳಿಸಬೇಕು. ಅಷ್ಟು ಅಗಲ ಇಲ್ಲದಿದ್ದರೆ ಮುಖ್ಯರಸ್ತೆ ಬಿಟ್ಟು ಪಕ್ಕದ ಅಡ್ಡರಸ್ತೆಯಲ್ಲಿ ಕೊಡುವುದೇ ಮೇಲು.

ಇಳಿಜಾರು ಮತ್ತು ಮಳೆ

ಮಂಗಳೂರಿನಲ್ಲಿ ಸಪಾಟು ಜಾಗ ಹುಡುಕುವುದೇ ಒಂದು ಕೆಲಸ. ಬಾವುಟಗುಡ್ಡೆ, ಕದ್ರಿ. ಹೆಸರಿನಲ್ಲಿ ಗುಡ್ಡ ಇಲ್ಲದ ಕಡೆಯೂ ಇಳಿಜಾರು ಉಂಟು. ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದರೆ ಮುಗಿಯಿತು. ಕುರ್ಚಿಗೆ ಹಾಗಲ್ಲ. ಮೈ ಎತ್ತಿ ದಾಟಿಸುವ ಆ ಒಂದು ಕ್ಷಣದಲ್ಲಿ ಕುರ್ಚಿ ಒಂದು ಗೇಣು ಜಾರಿದರೂ ಮನುಷ್ಯ ನೆಲದ ಮೇಲೆ. ಕಾರಿನ ಬಾಗಿಲಿಗೂ ತೂಕ ಇದೆ. ಇಳಿಜಾರಿನಲ್ಲಿ ಅದು ತಾನಾಗಿ ಮುಚ್ಚಿಕೊಂಡು ಮೊಣಕಾಲಿಗೆ ಬಡಿಯುತ್ತದೆ.

ಹಾಗಾಗಿ ಕಾರು ನಿಲ್ಲುವ ಜಾಗ ಮತ್ತು ಪಟ್ಟೆ ಎರಡೂ ಮಟ್ಟಸವಾಗಿರಬೇಕು. ಮಳೆ ನೀರು ಹರಿಯಲು ಸ್ವಲ್ಪ ಓರೆ ಬೇಕೇ ಬೇಕು, ಅದು 50 ಅಡಿಗೆ 1 ಅಡಿ ಮೀರದಿದ್ದರೆ ಒಳ್ಳೆಯದು. ರ‍್ಯಾಂಪ್‌ಗೆ ಹೇಳುವ 12ಕ್ಕೆ 1ರ ಲೆಕ್ಕ ಇಲ್ಲಿಗೆ ಬರುವುದಿಲ್ಲ. ಅದು ಹತ್ತುವುದಕ್ಕೆ, ಇದು ನಿಲ್ಲುವುದಕ್ಕೆ. ಎರಡನ್ನೂ ಒಂದೇ ಎಂದುಕೊಂಡು ಫುಟ್‌ಪಾತ್‌ನ ರ‍್ಯಾಂಪನ್ನು ಪಟ್ಟೆಯ ಒಳಕ್ಕೇ ಇಳಿಬಿಟ್ಟ ಜಾಗಗಳನ್ನು ನೋಡಿದ್ದೇನೆ. ನಕ್ಷೆಯಲ್ಲಿ ಚಂದ ಕಾಣುತ್ತದೆ. ಇಳಿಯಲು ಬಿಟ್ಟ ಜಾಗವೇ ಇಳಿಜಾರಾಗುತ್ತದೆ. 15 ಸೆಂಟಿಮೀಟರ್ ಎತ್ತರದ ಫುಟ್‌ಪಾತ್ ಹತ್ತಲು 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಆ ಉದ್ದವನ್ನು ಪಟ್ಟೆಯಿಂದ ಕದಿಯಬಾರದು, ಬೇರೆ ಕಡೆ ಹುಡುಕಬೇಕು.

ಗುಡ್ಡದ ಸೈಟಾದರೆ ಮಟ್ಟಸ ಜಾಗವನ್ನು ಮುರಕಲ್ಲು ಕಡಿಯುವ ಹಂತದಲ್ಲೇ ನಿರ್ಧರಿಸಬೇಕು. ಜೆಸಿಬಿ ಸೈಟಿನಲ್ಲಿದ್ದಾಗ ಅದು ಅರ್ಧ ದಿನದ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಒಡೆದು ಸರಿ ಮಾಡಲು ಹೋದರೆ ಬಿಲ್ ನೋಡಿ ಯಾರೂ ಮುಂದೆ ಬರುವುದಿಲ್ಲ.

ಇನ್ನು ಮಳೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುವ ಊರು ನಮ್ಮದು, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ವೀಲ್‌ಚೇರ್‌ನವರಿಗೆ ಕೊಡೆ ಹಿಡಿಯಲು ಮೂರನೇ ಕೈ ಇಲ್ಲ. ಎರಡು ಊರುಗೋಲು ಹಿಡಿದವರಿಗೂ ಇಲ್ಲ. ಇದು ನನಗೆ ಹೊಳೆದದ್ದು ಗೆಳೆಯ ಹೇಳಿದ ಮೇಲೆಯೇ. ಆಟಿ ತಿಂಗಳ ಮಳೆಯಲ್ಲಿ ಮೂರು ನಿಮಿಷ ಬಾಗಿಲು ತೆರೆದಿಟ್ಟರೆ ಸೀಟು, ಕುರ್ಚಿ, ಪ್ಯಾಂಟು ಎಲ್ಲ ಒದ್ದೆ. ಹಾಗೇ ಡಾಕ್ಟರ ಹತ್ತಿರವೋ ಆಫೀಸಿಗೋ ಹೋಗಬೇಕು. ಪುಸ್ತಕದ ನಿಯಮಗಳು ದೂರ, ಅಗಲದ ಬಗ್ಗೆ ಎಷ್ಟು ಖಚಿತವಾಗಿವೆಯೋ ಸೂರಿನ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ. ಕರಾವಳಿಯಲ್ಲಿ ನಾನಾದರೆ ಸೂರನ್ನು ಮೊದಲು ಕೇಳುತ್ತೇನೆ. ಇಲ್ಲಿ ಮನೆ ಕಟ್ಟಿದವರೆಲ್ಲ ಟೆರೇಸಿಗೆ ಶೀಟ್ ಹಾಕಿಸುತ್ತಾರೆ. ಅದೇ ಶೀಟನ್ನು ಪಾರ್ಕಿಂಗ್‌ನಿಂದ ಬಾಗಿಲವರೆಗೆ ಹಾಕಿಸಲು ಏನು ಕಷ್ಟ?

ಮಳೆಯ ಜೊತೆಗೆ ಪಾಚಿ ಬರುತ್ತದೆ. ಇಂಟರ್‌ಲಾಕ್ ಹಾಕಿದ ಅಂಗಳ ನೆರಳಿನಲ್ಲಿದ್ದರೆ ಎರಡನೇ ಮಳೆಗಾಲಕ್ಕೇ ಹಸಿರಾಗುತ್ತದೆ. ಊರುಗೋಲಿನ ರಬ್ಬರ್ ತುದಿ ಅದರ ಮೇಲೆ ನಿಲ್ಲುವುದಿಲ್ಲ. ಇಂಟರ್‌ಲಾಕ್ ಅಡಿಯ ಮರಳು ಕೊಚ್ಚಿಹೋಗಿ ಒಂದೆರಡು ಕಲ್ಲು ಕುಸಿದರೆ ವೀಲ್‌ಚೇರ್‌ನ ಮುಂದಿನ ಪುಟ್ಟ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ. ಚರಂಡಿಯ ಕಬ್ಬಿಣದ ಜಾಲರಿಯೂ ಅಷ್ಟೇ. ಸರಳುಗಳ ಸಂದಿ 12-13 ಮಿಲಿಮೀಟರ್‌ಗಿಂತ ಜಾಸ್ತಿ ಇರಬಾರದು, ಸರಳುಗಳು ಓಡಾಡುವ ದಿಕ್ಕಿಗೆ ಅಡ್ಡವಾಗಿರಬೇಕು. ಜಲ್ಲಿ ಹಾಸಿದ ಅಂಗಳದಲ್ಲಿ ಗೆರೆ ಎಳೆದು ಚಿತ್ರ ಬರೆದು ಪ್ರಯೋಜನವಿಲ್ಲ. ಪಣಂಬೂರು, ಮಲ್ಪೆಯಂಥ ಬೀಚಿನಲ್ಲಿ ಪಾರ್ಕಿಂಗ್ ಎಷ್ಟೇ ಚೆನ್ನಾಗಿರಲಿ, ಡಾಂಬರು ಮುಗಿದು ಮರಳು ಶುರುವಾಗುವ ಕಡೆ ಗಟ್ಟಿ ದಾರಿ ಇಲ್ಲದಿದ್ದರೆ ಸಮುದ್ರವನ್ನು ಕಾರಿನಲ್ಲೇ ಕೂತು ನೋಡಬೇಕು.

ದೂರದ ಲೆಕ್ಕ ಸುಲಭ. ಕಟ್ಟಡದ ಬಾಗಿಲಿಂದ 30 ಮೀಟರ್ ಒಳಗೆ, ಕನಿಷ್ಠ ಎರಡು ಕಾರಿನ ಜಾಗ ಎನ್ನುತ್ತದೆ ಕಟ್ಟಡ ಸಂಹಿತೆ. ಈ 30 ಮೀಟರನ್ನು ಹಕ್ಕಿ ಹಾರಿದ ಹಾಗೆ ಅಳೆಯಬಾರದು, ಚಕ್ರ ಉರುಳಿದ ಹಾಗೆ ಅಳೆಯಬೇಕು. ಮೆಟ್ಟಿಲಿರುವ ಮುಂಬಾಗಿಲು 10 ಮೀಟರ್ ದೂರದಲ್ಲಿದ್ದು ರ‍್ಯಾಂಪ್ ಕಟ್ಟಡದ ಹಿಂದುಗಡೆ ಇದ್ದರೆ ಆ 10 ಮೀಟರ್ ಲೆಕ್ಕಕ್ಕಿಲ್ಲ. ಆ ದಾರಿ ಬೇರೆ ಕಾರುಗಳ ಬೆನ್ನ ಹಿಂದೆ ಹೋಗಬಾರದು. ಕುಳಿತವರ ತಲೆ ಸುಮಾರು ನಾಲ್ಕು ಅಡಿ ಎತ್ತರ. ರಿವರ್ಸ್ ತೆಗೆಯುವವರ ಹಿಂದಿನ ಗಾಜಿನಲ್ಲಿ ಅವರು ಕಾಣುವುದೇ ಇಲ್ಲ.

ಎರಡು ಜಾಗ ಸಾಕೇ? ಅದು ಕಟ್ಟಡ ಯಾವುದು ಎನ್ನುವುದರ ಮೇಲೆ ನಿಂತಿದೆ. ಅಮೆರಿಕದ ನಿಯಮದಲ್ಲಿ 100 ಕಾರು ನಿಲ್ಲುವ ಮಾಮೂಲಿ ಪಾರ್ಕಿಂಗ್‌ಗೆ 4 ಸಾಕು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ನೂರಕ್ಕೆ 10, ನಡಿಗೆಯ ತೊಂದರೆಗೆ ಚಿಕಿತ್ಸೆ ಕೊಡುವ ಕಡೆ ನೂರಕ್ಕೆ 20. ಮಂಗಳೂರು, ಮಣಿಪಾಲದಷ್ಟು ಆಸ್ಪತ್ರೆಗಳಿರುವ ನಾವು ಈ ವ್ಯತ್ಯಾಸವನ್ನು ಗಮನಿಸಬೇಕು. ಮೂಳೆ ಡಾಕ್ಟರ ಕ್ಲಿನಿಕ್ಕಿಗೂ ಬಟ್ಟೆ ಅಂಗಡಿಗೂ ಒಂದೇ ಲೆಕ್ಕ ಹಾಕುವುದು ಯಾವ ನ್ಯಾಯ?

ಉಳಿದ ಆ ಒಂದೂವರೆ ಮೀಟರ್

ಇಷ್ಟು ಹೊತ್ತು ಕಾರಿನ ಬಗ್ಗೆಯೇ ಮಾತಾಡಿದೆ. ನಿಯಮಗಳೂ ಹಾಗೇ, ಹೆಚ್ಚಾಗಿ ಕಾರನ್ನೇ ನೋಡುತ್ತವೆ. ಆದರೆ ನಮ್ಮ ರಸ್ತೆಯಲ್ಲಿ ಕಣ್ಣು ಹಾಯಿಸಿ. ಅಂಗವಿಕಲರು ಓಡಿಸುವ ಗಾಡಿ ಎಂದರೆ ಹೆಚ್ಚಾಗಿ ಕಾಣುವುದು ಹಿಂದಿನ ಚಕ್ರದ ಎರಡೂ ಕಡೆ ಒಂದೊಂದು ಚಕ್ರ ಕೂರಿಸಿದ ಸ್ಕೂಟರ್. ಬ್ಯಾಂಕಿಗೆ ಹೋಗುವವರು, ಮಗುವನ್ನು ಶಾಲೆಗೆ ಬಿಡುವವರು. ಸರಕಾರ ಯೋಜನೆಯಲ್ಲಿ ಕೊಡುವುದೂ ಇಂಥದ್ದನ್ನೇ. ಮೋಟಾರು ವಾಹನ ಕಾಯ್ದೆಯಲ್ಲಿ ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನ ಎಂಬ ವಿಭಾಗವೇ ಇದೆ. ಇದು ಅದಕ್ಕೆ ಸೇರುತ್ತದೆ.

ಈ ಸ್ಕೂಟರ್ ಬೈಕಿನ ಸಾಲಿನಲ್ಲಿ ನಿಲ್ಲುವುದಿಲ್ಲ. ನಾನು ಅಳೆದದ್ದು ಹಿಂದಿನ ಚಕ್ರಗಳ ಹತ್ತಿರ ಒಂದು ಮೀಟರ್‌ಗಿಂತ ಜಾಸ್ತಿ ಇತ್ತು. ಬೈಕುಗಳ ನಡುವೆ ನಾವು ಬಿಡುವ ಸಂದಿ ಅದರ ಅರ್ಧ. ಹೇಗೋ ನುಗ್ಗಿಸಿ ನಿಲ್ಲಿಸಿದರೂ ವಾಪಸು ಬರುವಾಗ ಎರಡೂ ಕಡೆ ಬೈಕು ಒತ್ತಿ ನಿಲ್ಲಿಸಿರುತ್ತಾರೆ. ಕಾಲಿಗೆ ಆಧಾರದ ಪಟ್ಟಿ (ಕ್ಯಾಲಿಪರ್) ಕಟ್ಟಿಕೊಂಡವರು ಹತ್ತಲು ಪಕ್ಕದ ಬೈಕನ್ನು ಎತ್ತಿ ಸರಿಸಬೇಕಾ? ಕಾರಿನ ಚೌಕದಲ್ಲಿ ನಿಲ್ಲಿಸಿದರೆ ಸೆಕ್ಯೂರಿಟಿಯವರು ಬೈಕ್ ಅತ್ತ ಕಡೆ ಎಂದು ಕೈ ತೋರಿಸುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮೊದಲು ಉಳಿಸಿಟ್ಟ ಒಂದೂವರೆ ಮೀಟರ್ ಇದಕ್ಕೆ. ಸಾಲಿನ ತುದಿಯಲ್ಲಿ, ಒಂದು ಬದಿಗೆ ಗೋಡೆಯೋ ಕಂಬವೋ ಇಲ್ಲದ ಕಡೆ ಕೊಟ್ಟರೆ ಊರುಗೋಲು ಊರಿ ಇಳಿಯಲು ಜಾಗ ಸಿಗುತ್ತದೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ಪೈಪ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಇದು ನನ್ನ ಸ್ವಂತ ಅಭಿಪ್ರಾಯ, ಸಂಹಿತೆಯಲ್ಲಿ ಹುಡುಕಬೇಡಿ.

ಬೈಕುಗಳ ವಿಷಯಕ್ಕೆ ಬಂದೆ, ಇನ್ನೊಂದು ಹೇಳಿಬಿಡುತ್ತೇನೆ. ಕಾರಿನ ಪಕ್ಕದ ಆ ಖಾಲಿ ಪಟ್ಟೆಯನ್ನು ಮೊದಲು ತುಂಬಿಸುವುದು ಬೈಕುಗಳೇ. ಖಾಲಿ ಜಾಗ ಕಂಡರೆ ನಮಗೆ ಕೈ ತುರಿಸುತ್ತದೆ. "ಕಾರು ನಿಲ್ಲುವ ಜಾಗ ಬಿಟ್ಟಿದ್ದೇನಲ್ಲ" ಎಂದು ವಾದವನ್ನೂ ಮಾಡುತ್ತಾರೆ. ಓರೆ ಗೆರೆಗಳನ್ನು ದಪ್ಪಗೆ ಎಳೆಯುವುದು ಒಂದು ಉಪಾಯ. ಆದರೆ ಗೇಟಿನ ಹತ್ತಿರವೇ ಬೈಕುಗಳಿಗೆ ಸರಿಯಾದ ಜಾಗ ಕೊಡುವುದು ಅದಕ್ಕಿಂತ ಒಳ್ಳೆಯ ಉಪಾಯ. ಮದುವೆ ಹಾಲ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಆ ಜಾಗ ಕ್ಯಾಟರಿಂಗ್‌ನವರ ಟೆಂಪೋಗೆ ಮೀಸಲು.

ಯಾರೂ ನಿಲ್ಲಿಸದಿರಲಿ ಎಂದು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಅಡ್ಡ ಕೋನ್ ಇಡುತ್ತಾರೆ, ಸರಪಳಿ ಕಟ್ಟುತ್ತಾರೆ. ಆ ಕೋನ್ ತೆಗೆಯುವುದು ಯಾರು? ಕಾರಿನಿಂದ ಇಳಿದು ತೆಗೆಯುವ ಹಾಗಿದ್ದರೆ ಅವರಿಗೆ ಆ ಜಾಗ ಯಾಕೆ ಬೇಕಿತ್ತು? ಬೇಸ್‌ಮೆಂಟ್‌ನ ಟೋಕನ್ ಮೆಷಿನ್ ಕೂಡ ಇದೇ ಜಾತಿಯದು. ಕೈಯಿಂದ ಓಡಿಸುವವರ ಒಂದು ಕೈ ಬ್ರೇಕಿನ ಲಿವರ್ ಮೇಲೆ, ಇನ್ನೊಂದು ಸ್ಟೇರಿಂಗ್ ಮೇಲೆ. ಇಳಿಜಾರಿನ ಮಧ್ಯೆ ಗಾಡಿ ನಿಲ್ಲಿಸಿ, ಸೊಂಟದಿಂದ ಬಾಗಿ ಟೋಕನ್ ಎಳೆದುಕೊಳ್ಳಿ ಎಂದರೆ ಹೇಗೆ? ಮೆಷಿನನ್ನು ಇಳಿಜಾರು ಶುರುವಾಗುವ ಮೊದಲು, ಸಪಾಟಾದ ಕಡೆ ಇಟ್ಟರೆ ಸಾಕು.

ವೀಲ್‌ಚೇರ್ ಚಿಹ್ನೆಯನ್ನು ನೆಲದ ಮೇಲೆ ಮಾತ್ರ ಬರೆದರೆ ಕಾರು ನಿಂತ ಕೂಡಲೇ ಮುಚ್ಚಿಹೋಗುತ್ತದೆ, ಮಳೆಗಾಲ ಕಳೆಯುವಾಗ ಅಳಿಸಿಹೋಗುತ್ತದೆ. ಕಂಬದ ಮೇಲೂ ಬೋರ್ಡ್ ಬೇಕು. ಅಂದಹಾಗೆ ಆ ಚಿಹ್ನೆಯನ್ನು 1968ರಲ್ಲಿ ಬಿಡಿಸಿದ್ದು ಸುಸಾನ್ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ. ಅವರು ಬಿಡಿಸಿದ್ದು ಬರೀ ಕುರ್ಚಿ, ಅದರಲ್ಲಿ ಮನುಷ್ಯ ಇರಲಿಲ್ಲ. ಮೇಲಿನ ದುಂಡಗಿನ ತಲೆಯನ್ನು ಆಮೇಲೆ ಸೇರಿಸಿದರು. ನನ್ನ ಆ ಹಳೆಯ ಪ್ಲಾನ್ ನೆನಪಾದಾಗ ಈ ವಿಷಯವೂ ನೆನಪಾಗುತ್ತದೆ.

ಕುರ್ಚಿಯ ಚಿತ್ರ ಇದೆ ಎಂದ ಮಾತ್ರಕ್ಕೆ ಕುರ್ಚಿಯಲ್ಲಿ ಬಂದವರಿಗೆ ಮಾತ್ರ ಎಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪ್ಯಾಂಟಿನೊಳಗೆ ಕೃತಕ ಕಾಲು ಇರುವವರು ನಡೆದುಕೊಂಡೇ ಇಳಿಯಬಹುದು. "ನೋಡಿದರೆ ಗಟ್ಟಿಮುಟ್ಟಾಗಿದ್ದೀರಲ್ಲ" ಎಂದು ಅವರನ್ನು ತಡೆಯುವ ಮೊದಲು ಯೋಚಿಸಬೇಕು. ಬ್ರಿಟನ್ನಿನಲ್ಲಿ ಬ್ಲೂ ಬ್ಯಾಡ್ಜ್ ಎಂಬ ಕಾರ್ಡ್ ಇದೆ. ಅದನ್ನು ಕೊಡುವುದು ವ್ಯಕ್ತಿಗೆ, ವಾಹನಕ್ಕಲ್ಲ. ಯಾರ ಕಾರಿನಲ್ಲಿ ಹೋದರೂ ತೋರಿಸಬಹುದು. ನಮ್ಮಲ್ಲಿ ವೀಲ್‌ಚೇರ್ ಸ್ಟಿಕ್ಕರ್ ಅಂಗಡಿಯಲ್ಲೇ ಸಿಗುತ್ತದೆ. ಅಂಟಿಸಿಕೊಂಡವರ ಮಾತು ನಂಬಬೇಕು, ಇಲ್ಲವೇ ಸರಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಕೇಳಬೇಕು.

ಕಾನೂನು ಏನೂ ಮೆತ್ತಗಿಲ್ಲ. ಅದೇ 2016ರ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಈ ಸೌಲಭ್ಯಗಳಿಲ್ಲದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ಕೊಡುವ ಹಾಗಿಲ್ಲ. 45ನೇ ಸೆಕ್ಷನ್ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ 5 ವರ್ಷದ ಗಡುವು ಕೊಟ್ಟಿತ್ತು. ತೊಡಕಾದದ್ದು 2017ರ ನಿಯಮಗಳಲ್ಲಿ. ಕಾಯ್ದೆ ಮಾಡಲೇಬೇಕು ಎಂದದ್ದನ್ನು ನಿಯಮಗಳು ಮಾಡಿದರೆ ಒಳ್ಳೆಯದು ಎನ್ನುವ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿದ್ದವು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವುಗಳಲ್ಲಿನ 15ನೇ ನಿಯಮ ಕಾಯ್ದೆಗೆ ಹೊಂದುವುದಿಲ್ಲ ಎಂದಿತು. ಬಿಡಲೇಬಾರದ ಕನಿಷ್ಠ ಅಂಶಗಳನ್ನು ಬೇರೆಯಾಗಿ ಕಡ್ಡಾಯ ಮಾಡಬೇಕೆಂದು ಕೇಂದ್ರಕ್ಕೆ 3 ತಿಂಗಳು ಕೊಟ್ಟಿತು. ಊರಿನ ಮಟ್ಟದಲ್ಲಿ ಇದರ ಅರ್ಥ ಸರಳ. ಪಾಲಿಕೆಯಿಂದ ಡೋರ್ ನಂಬರ್ ಆಗುವ ತನಕ ಖಾಲಿ ಇದ್ದ ಪಟ್ಟೆಯಲ್ಲಿ ಮರುದಿನ ಎಟಿಎಂ ಕೋಣೆ ಎದ್ದರೆ ದೂರು ಕೊಡಲು ಗಟ್ಟಿ ಆಧಾರ ಇದೆ.

ಎಲ್ಲ ಕಡೆ ಎಲ್ಲವೂ ಸಾಧ್ಯವಿಲ್ಲ, ಒಪ್ಪುತ್ತೇನೆ. ಪರ್ಯಾಯದ ದಿನ ಉಡುಪಿಯ ರಥಬೀದಿಯಲ್ಲಿ 30 ಮೀಟರ್ ಒಳಗೆ ಕಾರು ತರುತ್ತೇನೆ ಎಂದರೆ ಕೃಷ್ಣನೇ ನಗಬೇಕು. ಅಂಥ ಕಡೆ ಪಾರ್ಕಿಂಗ್ ದೂರವಿದ್ದರೂ ಇಳಿದು ಹತ್ತುವ ಒಂದು ಮಟ್ಟಸ ಜಾಗವನ್ನು ಹತ್ತಿರದಲ್ಲಿ ಕೊಡಬಹುದು. ಆಟೋದಲ್ಲಿ ಬರುವವರಿಗೂ ಅದೇ ಉಪಯೋಗ.

ನನ್ನ ಆ ಕಟ್ಟಡದ ಮಾಲೀಕರು ಕೊನೆಗೆ ಒಪ್ಪಿದರು. ಲಿಫ್ಟಿಗೆ ಹತ್ತಿರದ ಮೂರು ಜಾಗ ಒಟ್ಟು ಮಾಡಿ ಗೆರೆ ಬದಲಾಯಿಸಿದೆವು. ಕುಸಿದಿದ್ದ ಇಂಟರ್‌ಲಾಕ್ ತೆಗೆದು ಒರಟು ಕಾಂಕ್ರೀಟ್ ಹಾಕಿಸಿದೆವು. ಶೀಟ್ ಅರ್ಧದವರೆಗೆ ಬಂದಿದೆ, ಉಳಿದರ್ಧಕ್ಕೆ ಇನ್ನೂ ಒಪ್ಪಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಗೆಳೆಯನನ್ನು ಕರೆಸಿದೆ. ರಿವರ್ಸ್‌ನಲ್ಲಿ ಬಂದು ನಿಲ್ಲಿಸಿದ. ಬಾಗಿಲು ಪೂರ್ತಿ ತೆರೆಯಿತು. ಇಳಿದ, ಹಿಂದೆ ಸರಿದು ಬಾಗಿಲು ಹಾಕಿದ, ಲಿಫ್ಟಿನವರೆಗೆ ಹೋಗಿ ವಾಪಸು ಬಂದ. ಹೇಗುಂಟು ಎಂದು ಕೇಳಿದೆ.

ತಲೆ ಎತ್ತಿ ಶೀಟ್ ಮುಗಿಯುವ ಜಾಗವನ್ನು ನೋಡಿದ. "ಜೂನ್ ಬರ್ಲಿ ಮಾರಾಯ," ಎಂದ, "ಆಮೇಲೆ ಹೇಳ್ತೇನೆ."